‘ಇನ್ ಎ ಸೈಲೆಂಟ್ ವೇ’ ಆಲ್ಬಮನ್ನು ಕೆಳಗಿನಿಂದ ಮೇಲಕ್ಕೆ ಕೇಳುವ ಕ್ರಮ

ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಇನ್ ಎ ಸೈಲೆಂಟ್ ವೇ’ಯನ್ನು ಮೊದಲ ಸಲ ಕೇಳಿದ ಅನೇಕರು, ಕೇಳಲು ಹಿತವಾಗಿದೆಯಾದರೂ ಇದರಲ್ಲಿ ಏನೂ ನಡೆಯುವುದೇ ಇಲ್ಲ ಎನ್ನುತ್ತಾರೆ. ಟ್ರಂಪೆಟ್ ವಾದಕನ ಆಲ್ಬಮ್ ಎಂದು ಟ್ರಂಪೆಟ್ಟಿಗಾಗಿ ಕಾಯುತ್ತ ಕುಳಿತರೆ ಹಾಗೆ ಅನ್ನಿಸುವುದು ಸಹಜವೇ. ಈ ಸಂಗೀತದ ಮುಖ್ಯ ವ್ಯವಹಾರವೆಲ್ಲ ಟ್ರಂಪೆಟ್ಟಿನ ಕೆಳಗೆ, ಮೂರು ಕೀಬೋರ್ಡುಗಳೂ ಒಂದು ಎಲೆಕ್ಟ್ರಿಕ್ ಗಿಟಾರೂ ಸೇರಿ ಹಾಸಿದ ನಾದದ ನೆಲದಲ್ಲಿ ನಡೆಯುತ್ತದೆ. ಆದ್ದರಿಂದ ಈ ಆಲ್ಬಮನ್ನು ಕೆಳಗಿನಿಂದ ಮೇಲಕ್ಕೆ, ಮೊದಲು ಆಧಾರಶ್ರುತಿಯನ್ನೂ ಕೊನೆಗೆ ಟ್ರಂಪೆಟ್ಟನ್ನೂ ಹಿಡಿದುಕೊಂಡು ಕೇಳಬೇಕು. ಜಾಝ್‌ನ ಪರಿಚಯ ಇಲ್ಲದಿದ್ದರೂ ಶ್ರುತಿ ಮತ್ತು ತಾಳದ ಅಭ್ಯಾಸವಿರುವ ಕನ್ನಡದ ಕೇಳುಗರಿಗೆ ಈ ಕ್ರಮ ಕಷ್ಟವಾಗಲಾರದು.

ಕೇಳಲು ಕೂರುವ ಮುನ್ನ ತಿಳಿದಿರಬೇಕಾದ ಸಂಗತಿಗಳು ಹೆಚ್ಚೇನಿಲ್ಲ. 1969ರ ಫೆಬ್ರುವರಿ 18ರಂದು ನ್ಯೂಯಾರ್ಕಿನಲ್ಲಿ, ಒಂದೇ ದಿನದಲ್ಲಿ ಧ್ವನಿಮುದ್ರಣಗೊಂಡ ಈ ಸಂಗೀತವನ್ನು ಕೊಲಂಬಿಯಾ ಕಂಪನಿ ಅದೇ ವರ್ಷದ ಜುಲೈನಲ್ಲಿ ಹೊರತಂದಿತು. ಮೈಲ್ಸ್ ಅವರೊಡನೆ ಸೊಪ್ರಾನೊ ಸ್ಯಾಕ್ಸೊಫೋನಿನಲ್ಲಿ ವೇನ್ ಶಾರ್ಟರ್, ಎಲೆಕ್ಟ್ರಿಕ್ ಪಿಯಾನೊಗಳಲ್ಲಿ ಹರ್ಬೀ ಹ್ಯಾನ್‌ಕಾಕ್ ಮತ್ತು ಚಿಕ್ ಕೊರಿಯಾ, ಆರ್ಗನ್ ಹಾಗೂ ಎಲೆಕ್ಟ್ರಿಕ್ ಪಿಯಾನೊದಲ್ಲಿ ಜೋ ಝಾವಿನುಲ್, ಗಿಟಾರಿನಲ್ಲಿ ಜಾನ್ ಮೆಕ್‌ಲಾಫ್ಲಿನ್, ಆಳೆತ್ತರದ ಪಿಟೀಲಿನಂಥ, ತಗ್ಗುಸ್ವರದ ಬಾಸ್‌ನಲ್ಲಿ ಡೇವ್ ಹಾಲಂಡ್, ಡ್ರಮ್ಸ್‌ನಲ್ಲಿ ಟೋನಿ ವಿಲಿಯಮ್ಸ್ ಇದ್ದರು. ಎಂಟು ಮಂದಿಯಲ್ಲಿ ನಾಲ್ವರ ವಾದ್ಯಗಳಿಗೆ ವಿದ್ಯುತ್ ಬೇಕು, ಉಳಿದ ನಾಲ್ವರ ವಾದ್ಯಗಳಿಗೆ ಬೇಡ. ಈ ಸಮಪಾಲನ್ನು ಗಮನದಲ್ಲಿಡಿ, ಏಕೆಂದರೆ ಇದನ್ನು ಪೂರ್ತಿ ಎಲೆಕ್ಟ್ರಾನಿಕ್ ಆಲ್ಬಮ್ ಎಂದುಕೊಂಡು ಕೇಳಿದವರು ಬಾಸ್ ಮತ್ತು ಡ್ರಮ್ಸ್ ಮಾಡುವ ಕೆಲಸವನ್ನು ಗಮನಿಸದೆ ಬಿಡುತ್ತಾರೆ. ಸಿಂಥಸೈಜರ್ ಇಲ್ಲಿ ಇಲ್ಲವೇ ಇಲ್ಲ. ಮೈಲ್ಸ್ ತಮ್ಮ ಟ್ರಂಪೆಟ್ಟಿಗೂ ಯಾವ ಯಂತ್ರವನ್ನೂ ಜೋಡಿಸಿಲ್ಲ. ಕಾಲಿನಿಂದ ಒತ್ತಿ ನಾದದ ಬಣ್ಣ ಬದಲಿಸುವ ವಾ-ವಾ ಪೆಡಲ್ ಹಚ್ಚಿದ ಅವರ ಟ್ರಂಪೆಟ್ಟು ಮುಂದಿನ ವರ್ಷಗಳದು.

ಕೇಳುವ ಸಲಕರಣೆಯ ಬಗ್ಗೆ ಸ್ವಲ್ಪ ಎಚ್ಚರ ಅಗತ್ಯ. ಫೋನಿನ ಸ್ಪೀಕರಿನಲ್ಲಿ ಹಾಲಂಡರ ಬಾಸ್ ಹೆಚ್ಚುಕಡಿಮೆ ಕೇಳಿಸುವುದಿಲ್ಲ, ಆರ್ಗನ್ನಿನ ತಗ್ಗುಸ್ವರಗಳೂ ಉಳಿಯುವುದಿಲ್ಲ, ಹಾಗಾಗಿ ನೆಲವೇ ಕಳಚಿಹೋಗಿ ಮೇಲಿನ ಅಲಂಕಾರವಷ್ಟೇ ಕಿವಿಗೆ ಬೀಳುತ್ತದೆ. ಸಾಧಾರಣ ಬೆಲೆಯ ಹೆಡ್‌ಫೋನಾದರೂ ಸಾಕು, ಎರಡು ಕಿವಿಗೂ ಬೇರೆ ಬೇರೆಯಾಗಿ ಕೇಳಿಸಬೇಕು ಅಷ್ಟೆ, ಏಕೆಂದರೆ ಕೀಬೋರ್ಡುಗಳನ್ನು ಸ್ಟೀರಿಯೊದ ಬೇರೆ ಬೇರೆ ಜಾಗಗಳಲ್ಲಿ ಕೂರಿಸಲಾಗಿದೆ. ಆ್ಯಪ್‌ನಲ್ಲಿ ಕೇಳುವವರು ಟ್ರ್ಯಾಕುಗಳ ಕ್ರಮ ಕಲಸುವ ಶಫಲ್ ಮತ್ತು ಒಂದರ ಕೊನೆಯನ್ನು ಇನ್ನೊಂದರ ಆರಂಭದೊಡನೆ ಬೆರೆಸುವ ಕ್ರಾಸ್‌ಫೇಡ್ ಎರಡನ್ನೂ ನಿಲ್ಲಿಸಿಕೊಳ್ಳಬೇಕು. ಸುಮಾರು 38 ನಿಮಿಷಗಳ, ಎರಡೇ ಟ್ರ್ಯಾಕುಗಳಿರುವ ಮೂಲ ಆಲ್ಬಮನ್ನೇ ಹುಡುಕಿಕೊಳ್ಳಿ; ಮೂರು ಡಿಸ್ಕುಗಳ ದೊಡ್ಡ ಸಂಗ್ರಹವೂ ಇದೆ, ಅದರ ಸರದಿ ಆಮೇಲೆ ಬರುತ್ತದೆ.

ಮೊದಲ ಟ್ರ್ಯಾಕನ್ನು ಬಿಟ್ಟು ಎರಡನೆಯದರಿಂದ ಆರಂಭಿಸಬೇಕೆಂಬುದು ನನ್ನ ಸಲಹೆ. ಎಲ್‌ಪಿಯ ಎರಡನೆಯ ಬದಿಯನ್ನು ತುಂಬಿರುವ, ಇಪ್ಪತ್ತು ನಿಮಿಷಕ್ಕೆ ತುಸು ಕಡಿಮೆ ಇರುವ ಈ ಟ್ರ್ಯಾಕಿನ ಮೊದಲ ನಾಲ್ಕು ನಿಮಿಷವೇ ಆಲ್ಬಮಿಗೆ ಹೆಸರು ಕೊಟ್ಟ ರಚನೆ. ಅದನ್ನು ಬರೆದವರು ವಿಯೆನ್ನಾದಲ್ಲಿ ಹುಟ್ಟಿ ಬೆಳೆದ ಝಾವಿನುಲ್. ಅವರು ಬರೆದುಕೊಂಡು ಬಂದಿದ್ದ ಹಾಳೆಯಲ್ಲಿ ಸ್ವರಮೇಳಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗುಚ್ಛಗಳು (ಕಾರ್ಡ್), ಒಂದರ ಹಿಂದೆ ಒಂದು ಬದಲಾಗುತ್ತ ಸಾಗುತ್ತಿದ್ದವು. ಮೈಲ್ಸ್ ಅವನ್ನೆಲ್ಲ ಕಿತ್ತುಹಾಕಿ, ರಾಗಧಾಟಿಯನ್ನು ಮಾತ್ರ ಉಳಿಸಿಕೊಂಡು, ಅದನ್ನು ‘ಇ’ ಎಂಬ ಒಂದೇ ಆಧಾರಸ್ವರದ ಮೇಲೆ ನಿಲ್ಲಿಸಿದರು. ನಮ್ಮ ಲೆಕ್ಕದಲ್ಲಿ ಅದು ಮೂರು ಮನೆ ಶ್ರುತಿ.

ಆದ್ದರಿಂದ ಮೊದಲ ಅಭ್ಯಾಸವನ್ನು ಶ್ರುತಿಪೆಟ್ಟಿಗೆಯೊಂದಿಗೇ ಮಾಡಬಹುದು. ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಇರುವವರು ಅದನ್ನಾಗಲಿ, ಇಲ್ಲದವರು ಫೋನಿನ ತಂಬೂರಿ ಆ್ಯಪನ್ನಾಗಲಿ ಮೂರು ಮನೆಗೆ ಇಟ್ಟು, ಮಂದ್ರವಾಗಿ ‘ಸ-ಪ-ಸ’ ನುಡಿಯಲು ಬಿಟ್ಟು, ನಂತರ ಟ್ರ್ಯಾಕನ್ನು ಆರಂಭಿಸಿ. ಎರಡೂ ಕೂದಲೆಳೆಯಷ್ಟು ಹೊಂದದಿದ್ದರೆ ಶ್ರುತಿಯನ್ನು ತುಸು ಸರಿಪಡಿಸಿಕೊಳ್ಳಿ. ಒಂದೆರಡು ನಿಮಿಷದಲ್ಲಿ ತಂಬೂರಿಯನ್ನು ನಿಲ್ಲಿಸಿಬಿಡಿ. ಆಗ ಅದು ಮಾಡುತ್ತಿದ್ದ ಕೆಲಸವನ್ನು ಆರ್ಗನ್ನೂ, ಕಮಾನಿನಿಂದ ಎಳೆದು ನುಡಿಸುತ್ತಿರುವ ಬಾಸೂ ಮಾಡುತ್ತಲೇ ಇದ್ದವೆಂಬುದು ಕಿವಿಗೆ ಸ್ಪಷ್ಟವಾಗುತ್ತದೆ. ಈ ನಾಲ್ಕು ನಿಮಿಷದಲ್ಲಿ ಡ್ರಮ್ಸ್ ತಾಳ ಹಿಡಿಯುವುದಿಲ್ಲ, ಎಣಿಕೆಯೂ ಬೇಕಿಲ್ಲ. ರಾಗಧಾಟಿಯನ್ನು ಮೊದಲು ಗಿಟಾರು ನುಡಿಸುತ್ತದೆ, ಆಮೇಲೆ ಸೊಪ್ರಾನೊ ಸ್ಯಾಕ್ಸೊಫೋನು ಎತ್ತಿಕೊಳ್ಳುತ್ತದೆ, ಕೊನೆಗೆ ಟ್ರಂಪೆಟ್ ಸೇರುತ್ತದೆ. ಇದು ಯಾವ ರಾಗ ಎಂದು ಹುಡುಕಲು ಹೊರಡುವುದು ಬೇಡ. ಇಲ್ಲಿ ಗಮಕದ ವಿಸ್ತಾರವಾಗಲಿ ಆಲಾಪನೆಯ ಬೆಳವಣಿಗೆಯಾಗಲಿ ಇಲ್ಲ. ಒಂದೇ ಧಾಟಿಯನ್ನು ಮೂರು ವಾದ್ಯಗಳು ಮೂರು ಬಣ್ಣದಲ್ಲಿ ಹೇಳುತ್ತವೆ, ಅಷ್ಟೆ.

ಗಿಟಾರಿನ ಆ ಆರಂಭದ ಹಿಂದೊಂದು ಸಂಗತಿಯಿದೆ. ಮೆಕ್‌ಲಾಫ್ಲಿನ್ ಆಗಷ್ಟೇ ಇಂಗ್ಲೆಂಡಿನಿಂದ ನ್ಯೂಯಾರ್ಕಿಗೆ ಬಂದಿದ್ದರು, ಅದೂ ಮೈಲ್ಸ್ ಅವರ ತಂಡಕ್ಕಲ್ಲ, ಟೋನಿ ವಿಲಿಯಮ್ಸ್ ಕಟ್ಟುತ್ತಿದ್ದ ಹೊಸ ತಂಡಕ್ಕೆ. ಗಿಟಾರ್ ನುಡಿಸಲು ಬಾರದವನಂತೆ ನುಡಿಸು ಎಂದು ಮೈಲ್ಸ್ ಹೇಳಿದರೆಂದೂ, ಕೈಗೆ ಮೊದಲು ಸಿಕ್ಕ ಸರಳವಾದ ಸ್ವರಮೇಳದಿಂದ ಆರಂಭಿಸಿದೆನೆಂದೂ ಅವರು ಮುಂದೆ ಹಲವು ಸಂದರ್ಶನಗಳಲ್ಲಿ ನೆನೆದಿದ್ದಾರೆ. ಇದನ್ನು ತಿಳಿದುಕೊಂಡು ಮೊದಲ ಒಂದು ನಿಮಿಷವನ್ನು ಮತ್ತೊಮ್ಮೆ ಕೇಳಿದರೆ, ಪ್ರತಿ ಸ್ವರವನ್ನೂ ತಡವರಿಸುತ್ತ ಇಡುವ ಆ ಬೆರಳುಗಳ ಹಿಂಜರಿಕೆಯೇ ಈ ಭಾಗಕ್ಕೆ ಮೃದುತ್ವ ತಂದಿದೆ ಎಂಬುದು ತಿಳಿಯುತ್ತದೆ.

ಎರಡನೆಯ ಅಭ್ಯಾಸ ಕೀಬೋರ್ಡುಗಳನ್ನು ಬೇರ್ಪಡಿಸುವುದು. ಇಡೀ ಕ್ರಮದಲ್ಲಿ ಹೆಚ್ಚು ಸಮಯ ಬೇಡುವುದು ಇದೇ, ಹೆಚ್ಚು ಸುಖ ಕೊಡುವುದೂ ಇದೇ. ಇದಕ್ಕೆ ಈ ವಾದ್ಯಗಳು ಹೇಗೆ ನುಡಿಯುತ್ತವೆಂಬುದನ್ನು ತಿಳಿಯಬೇಕು. ಸಾಮಾನ್ಯ ಪಿಯಾನೊದಲ್ಲಿ ಸುತ್ತಿಗೆ ತಂತಿಗೆ ಬಡಿಯುತ್ತದೆ, ಹೊಡೆತ ಖಚಿತವಾಗಿ ಕೇಳಿಸುತ್ತದೆ, ನಾದ ಕ್ರಮೇಣ ಕುಗ್ಗುತ್ತದೆ. ಆ ಕಾಲದ ಜನಪ್ರಿಯ ಎಲೆಕ್ಟ್ರಿಕ್ ಪಿಯಾನೊ ಆಗಿದ್ದ ಫೆಂಡರ್ ರೋಡ್ಸ್‌ನಲ್ಲಿ ಸುತ್ತಿಗೆ ಬಡಿಯುವುದು ತೆಳುವಾದ ಉಕ್ಕಿನ ಕಡ್ಡಿಗೆ. ಕಡ್ಡಿಯ ಕಂಪನವನ್ನು ಅದರ ಎದುರಿಗಿರುವ ಪಿಕಪ್ ವಿದ್ಯುತ್ ಸಂಕೇತವಾಗಿ ಮಾರ್ಪಡಿಸಿ ಆ್ಯಂಪ್ಲಿಫೈಯರಿಗೆ ಕಳಿಸುತ್ತದೆ. ಮೆಲ್ಲಗೆ ಒತ್ತಿದರೆ ಗಂಟೆಯಂಥ ದುಂಡನೆಯ ನಾದ, ಬಲವಾಗಿ ಒತ್ತಿದರೆ ಗುರುಗುಟ್ಟುವ ಒರಟು ನಾದ. ಆರ್ಗನ್ನಿನದು ಮೂರನೆಯ ಬಗೆ, ಮನೆಯನ್ನು ಒತ್ತಿ ಹಿಡಿದಷ್ಟು ಹೊತ್ತೂ ಸ್ವರ ಕುಗ್ಗದೆ ನಿಲ್ಲುತ್ತದೆ. ಫೆಂಡರ್ ಕಂಪನಿಯನ್ನು ಸಿಬಿಎಸ್ ಸಂಸ್ಥೆ 1965ರಲ್ಲಿ ಕೊಂಡುಕೊಂಡಿತ್ತು, ಮೈಲ್ಸ್ ಅವರ ಕೊಲಂಬಿಯಾ ಕಂಪನಿಯೂ ಆಗ ಸಿಬಿಎಸ್‌ನದೇ ಆಗಿತ್ತು. ಅಂದರೆ ರೋಡ್ಸ್ ಪಿಯಾನೊ ಮತ್ತು ಮೈಲ್ಸ್ ಅವರ ರೆಕಾರ್ಡು ಎರಡನ್ನೂ ಮಾರುತ್ತಿದ್ದ ಮನೆ ಒಂದೇ. ಇದರಿಂದ ಯಾವ ತೀರ್ಮಾನಕ್ಕೂ ಬರಬೇಕಿಲ್ಲ, ಪ್ರಾಸಂಗಿಕವಾಗಿ ಹೇಳಿದೆ.

ಈಗ ಒಂದು ಸಲ ಆರ್ಗನ್ನನ್ನು ಮಾತ್ರ ಹಿಡಿದುಕೊಂಡು ಟ್ರ್ಯಾಕನ್ನು ಕೇಳಿ. ಅದು ಉದ್ದುದ್ದ ಕಾರ್ವೆಗಳಲ್ಲಿ ನಿಲ್ಲುತ್ತದೆ, ಆಗಾಗ ಸಣ್ಣಗೆ ಉಬ್ಬಿ ಇಳಿಯುತ್ತದೆ. ಇನ್ನೊಂದು ಸಲ ಎಲೆಕ್ಟ್ರಿಕ್ ಪಿಯಾನೊಗಳತ್ತ ಗಮನವಿಡಿ, ಅವು ಬಿಡಿಬಿಡಿಯಾದ ತುಣುಕುಗಳನ್ನು ಉದುರಿಸುತ್ತಿರುತ್ತವೆ. ಒಂದು ಬದಿಯಿಂದ ಕೇಳಿಬಂದ ತುಣುಕಿಗೆ ಇನ್ನೊಂದು ಬದಿಯಿಂದ ಉತ್ತರ ಬರುವುದನ್ನೂ, ಕೆಲವೊಮ್ಮೆ ಇಬ್ಬರೂ ಸುಮ್ಮನಿದ್ದು ಗಿಟಾರಿಗೆ ಎಡೆ ಮಾಡಿಕೊಡುವುದನ್ನೂ ಗುರುತಿಸಲು ಯತ್ನಿಸಿ. ಯಾವುದು ಹ್ಯಾನ್‌ಕಾಕ್, ಯಾವುದು ಕೊರಿಯಾ ಎಂದು ಪ್ರತಿ ಕ್ಷಣವೂ ಹೇಳಲಾಗದಿದ್ದರೆ ಚಿಂತೆಯಿಲ್ಲ. ನುರಿತವರೂ ಹೀಗೆ ಗೊಂದಲಕ್ಕೆ ಬೀಳಬೇಕೆಂಬುದೇ ಇಲ್ಲಿನ ಉದ್ದೇಶವಾಗಿತ್ತೇನೋ ಎಂದು ನನಗೆ ಅನ್ನಿಸುತ್ತದೆ. ಇಬ್ಬರೂ ಒಬ್ಬರಿಗಿಂತ ಒಬ್ಬರು ವೇಗವಾಗಿ ನುಡಿಸಬಲ್ಲ ಪ್ರಚಂಡರು, ಆದರೆ ಇಡೀ ಆಲ್ಬಮಿನಲ್ಲಿ ಇಬ್ಬರಿಗೂ ಒಂಟಿಯಾಗಿ ಮುಂದೆ ಬಂದು ನುಡಿಸುವ, ಹೇಳಿಕೊಳ್ಳುವಂಥ ಸರದಿಯೇ ಇಲ್ಲ. ಮೈಲ್ಸ್ ಅದಕ್ಕೆ ಹಿಂದಿನ ವರ್ಷದ ‘ಮೈಲ್ಸ್ ಇನ್ ದ ಸ್ಕೈ’ಯ ಒಂದು ರಚನೆಯಲ್ಲಿ ಹ್ಯಾನ್‌ಕಾಕ್ ಅವರ ಕೈಗೆ ಎಲೆಕ್ಟ್ರಿಕ್ ಪಿಯಾನೊ ಕೊಟ್ಟಿದ್ದರಾದರೂ, ಅಲ್ಲಿ ಅದು ಪಿಯಾನೊದ ಜಾಗದಲ್ಲಿ ಕುಳಿತ ಇನ್ನೊಂದು ವಾದ್ಯವಷ್ಟೇ ಆಗಿತ್ತು. ಇಲ್ಲಿ ಮೂರು ಕೂಡಿ ಹೆಸರಿಲ್ಲದ ನಾಲ್ಕನೆಯದೊಂದು ನಾದವಾಗಿವೆ.

ನಾಲ್ಕು ನಿಮಿಷ ದಾಟುತ್ತಿದ್ದಂತೆ ಆಧಾರಸ್ವರ ಥಟ್ಟನೆ ಮಾಯವಾಗಿ ‘ಇಟ್ಸ್ ಅಬೌಟ್ ದಟ್ ಟೈಮ್’ ಎಂಬ ಭಾಗ ಶುರುವಾಗುತ್ತದೆ. ಟೇಪನ್ನು ಬ್ಲೇಡಿನಿಂದ ಕತ್ತರಿಸಿ ಅಂಟಿಸಿದ ಜಾಗ ಅದು. ಅಲ್ಲಿಂದ ಮೂರನೆಯ ಅಭ್ಯಾಸ, ಅಂದರೆ ತಾಳ ಹಾಕುವುದು. ಟೋನಿ ವಿಲಿಯಮ್ಸ್ ಸ್ನೇರ್ ಡ್ರಮ್ಮಿನ ಅಂಚಿಗೆ ಕೋಲಿನಿಂದ ಸಮನಾಗಿ ಬಡಿಯುತ್ತ ಎಣಿಕೆ ಕೊಡುತ್ತಾರೆ, ಅದನ್ನು ಹಿಡಿದು ನಾಲ್ಕು ನಾಲ್ಕಾಗಿ ಎಣಿಸಿ. ಕೀಬೋರ್ಡುಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಸ್ವರಮೇಳಗಳ ಒಂದು ಪಲುಕನ್ನು ಮತ್ತೆ ಮತ್ತೆ ನುಡಿಸುತ್ತಿರುತ್ತವೆ. ಅದು ನಾಲ್ಕೆಣಿಕೆಯ ಮೂರು ಸುತ್ತಿಗೆ, ಅಂದರೆ ಹನ್ನೆರಡಕ್ಕೆ ಮುಗಿದು ಪುನಃ ಮೊದಲಾಗುತ್ತದೆ. ಎರಡು ಸುತ್ತಿಗೋ ನಾಲ್ಕು ಸುತ್ತಿಗೋ ಮುಗಿಯಬಹುದೆಂದು ಕಾಯುವ ಕಿವಿ ಇಲ್ಲಿ ಎಡವುತ್ತದೆ, ಸಂಗೀತ ತೂಗಾಡಿದಂತೆ ಅನ್ನಿಸುವುದು ಅದರಿಂದಲೇ. ಸ್ವಲ್ಪ ಹೊತ್ತಿನ ಮೇಲೆ ಆ ಪಲುಕು ಹಿಂದೆ ಸರಿದು, ಬಾಸ್ ವಾದ್ಯದ ಗಟ್ಟಿಯಾದೊಂದು ಪಲುಕು ಮುಂದೆ ಬರುತ್ತದೆ. ಪ್ರತಿಯೊಬ್ಬರ ಮನೋಧರ್ಮದ ಸರದಿಯಲ್ಲೂ ಈ ಎರಡು ಪಲುಕುಗಳ ಅದಲುಬದಲು ನಡೆಯುವುದನ್ನು ಗುರುತಿಸಿಕೊಂಡರೆ, ‘ಏನೂ ನಡೆಯುವುದಿಲ್ಲ’ ಎಂಬ ದೂರು ಅಲ್ಲಿಗೆ ಇತ್ಯರ್ಥವಾಗುತ್ತದೆ. ಒಮ್ಮೆ ಎಣಿಕೆ ಕೂತ ಮೇಲೆ ಕೈಯನ್ನು ನಿಲ್ಲಿಸಿ, ಎಣಿಸುತ್ತಲೇ ಇದ್ದರೆ ಮೆಕ್‌ಲಾಫ್ಲಿನ್ ಮತ್ತು ಶಾರ್ಟರ್ ಅವರ ಸರದಿಗಳು ತಪ್ಪಿಹೋಗುತ್ತವೆ.

ವಿಲಿಯಮ್ಸ್ ಅವರ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಆಗ 23 ವಯಸ್ಸಿನ ಅವರು ಗುಡುಗಿನಂತೆ ನುಡಿಸುವುದಕ್ಕೇ ಹೆಸರಾಗಿದ್ದವರು. ಅಂಥವರು ಇಡೀ ಆಲ್ಬಮಿನಲ್ಲಿ ಸ್ನೇರ್‌ನ ಅಂಚಿಗೂ ಹೈ-ಹ್ಯಾಟ್ ಎಂಬ ಜೋಡಿ ತಾಳಕ್ಕೂ ತಮ್ಮನ್ನು ಕಟ್ಟಿಹಾಕಿಕೊಂಡಿದ್ದಾರೆ. ಆ ಕಟ್ಟು ಒಂದು ಸಲ ಮಾತ್ರ ಬಿಚ್ಚಿಕೊಳ್ಳುತ್ತದೆ. ಈ ಟ್ರ್ಯಾಕಿನ ಸುಮಾರು 13ನೆಯ ನಿಮಿಷದ ಆಸುಪಾಸಿನಲ್ಲಿ, ಟ್ರಂಪೆಟ್ಟಿನ ಸರದಿ ಕಾವೇರುತ್ತಿರುವಾಗ, ಎಲ್ಲ ಡ್ರಮ್ಮುಗಳೂ ಸಿಂಬಲ್ಲುಗಳೂ ಒಟ್ಟಿಗೆ ಎದ್ದುಬಿಡುತ್ತವೆ, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಅಡಗುತ್ತವೆ. ಆ ಜಾಗಕ್ಕೆ ನೇರವಾಗಿ ಹಾರಬೇಡಿ. ಒಂಬತ್ತು ನಿಮಿಷಗಳ ಸಂಯಮವನ್ನು ಕೇಳಿಸಿಕೊಂಡು ಅಲ್ಲಿಗೆ ತಲುಪಿದವರಿಗೆ ಮಾತ್ರ ಅದರ ಬಲ ಗೊತ್ತಾಗುತ್ತದೆ.

ಹದಿನೈದೂವರೆ ನಿಮಿಷ ದಾಟಿದ ಮೇಲೆ ಮೊದಲಿನ ನಾಲ್ಕು ನಿಮಿಷ ಮರಳಿ ಬರುತ್ತದೆ. ಇದು ವಾದ್ಯಗಾರರು ಎರಡನೆಯ ಸಲ ನುಡಿಸಿದ್ದಲ್ಲ, ಅದೇ ಟೇಪನ್ನು ಪುನಃ ಅಂಟಿಸಿದ್ದು. ಬೇಕಿದ್ದರೆ ಗಿಟಾರಿನ ಮೊದಲ ಕೆಲವು ಸ್ವರಗಳನ್ನು ಎರಡೂ ಕಡೆ ಕೇಳಿ ಹೋಲಿಸಿ ನೋಡಬಹುದು. ನಮ್ಮಲ್ಲಿ ಗಾಯಕರು ಪಲ್ಲವಿಗೆ ಎಷ್ಟು ಸಲ ಮರಳಿದರೂ ಹೋದಂತೆಯೇ ಬರುವುದಿಲ್ಲ, ಒಂದು ಸಂಗತಿಯಾದರೂ ಬೇರೆಯಾಗುತ್ತದೆ. ಇಲ್ಲಿ ಒಂದು ಉಸಿರೂ ಬೇರೆಯಿಲ್ಲ. ಆದರೂ ಎರಡನೆಯ ಸಲ ಅದು ಬೇರೆಯಾಗಿ ಕೇಳಿಸುವುದಕ್ಕೆ, ನಡುವೆ ಬಂದುಹೋದ ಹನ್ನೊಂದು ನಿಮಿಷಗಳ ತಾಳವೇ ಕಾರಣ. ಈ ನಿರ್ಧಾರದಲ್ಲಿ ಮೈಲ್ಸ್ ಅವರಷ್ಟೇ ಪಾಲು ನಿರ್ಮಾಪಕ ಟಿಯೋ ಮಸೇರೊ ಅವರಿಗೂ ಸಲ್ಲಬೇಕು. ಸ್ವತಃ ಸ್ಯಾಕ್ಸೊಫೋನ್ ವಾದಕರೂ ರಚನಕಾರರೂ ಆಗಿದ್ದ ಮಸೇರೊ, ಟೇಪನ್ನೇ ಒಂದು ವಾದ್ಯದಂತೆ ಬಳಸಿದರು. ಎರಡೂ ಬದಿಗಳ ಮರುಕಳಿಕೆಗಳನ್ನು ಕೂಡಿದರೆ, 38 ನಿಮಿಷಗಳಲ್ಲಿ ಹತ್ತು ನಿಮಿಷಗಳಷ್ಟು ಸಂಗೀತ ಎರಡೆರಡು ಸಲ ಬಂದದ್ದೇ ಆಗಿದೆ. ಇದನ್ನು ಮೋಸ ಎನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಕಛೇರಿಯ ಅಳತೆಗೋಲನ್ನೇ ಸ್ಟುಡಿಯೊದ ಕೃತಿಗೂ ಹಿಡಿಯುವವರ ಮಾತು ಅದು ಎಂದು ನಾನು ತಿಳಿಯುತ್ತೇನೆ.

ಇಷ್ಟಾದ ಮೇಲೆ ಮೊದಲ ಬದಿಯ ‘ಶ್/ಪೀಸ್‌ಫುಲ್’ಗೆ ಬರಬಹುದು. ಹದಿನೆಂಟು ನಿಮಿಷದ ಈ ಟ್ರ್ಯಾಕಿನಲ್ಲಿ ಹೈ-ಹ್ಯಾಟ್ ಒಂದು ಎಣಿಕೆಗೆ ನಾಲ್ಕರಂತೆ, ಚತುರಶ್ರದ ನಡೆಯಲ್ಲಿ, ಬಿಡುವಿಲ್ಲದೆ ಸದ್ದು ಮಾಡುತ್ತದೆ. ಟ್ರಂಪೆಟ್ ಆರಂಭದಲ್ಲಿಲ್ಲ, ಒಂದೂವರೆ ನಿಮಿಷ ಕಳೆದ ಮೇಲಷ್ಟೇ ಬರುತ್ತದೆ. ಅಲ್ಲಿಯ ತನಕ ಕೀಬೋರ್ಡುಗಳು ಮಾತಾಡಿಕೊಳ್ಳುವುದನ್ನು ಬೇರ್ಪಡಿಸಿ ಕೇಳುವ ಅಭ್ಯಾಸ ನಿಮಗೆ ಈಗಾಗಲೇ ಆಗಿರುವುದರಿಂದ ಕಾಯುವುದು ಬೇಸರವೆನಿಸುವುದಿಲ್ಲ. ಇಲ್ಲಿ ಹೊಸದಾಗಿ ಮಾಡಬೇಕಾದ ಕೆಲಸ ಒಂದೇ, ಅಂಟಿಸಿದ ಜಾಗಗಳನ್ನು ಕಿವಿಯಿಂದ ಪತ್ತೆ ಹಚ್ಚುವುದು. ತಾಳ ಕ್ಷಣಮಾತ್ರ ನಿಂತು ಕೀಬೋರ್ಡುಗಳು ಮಾತ್ರ ಉಳಿಯುವ ಜಾಗಗಳನ್ನು ಗುರುತು ಹಾಕಿಕೊಳ್ಳುತ್ತ ಹೋಗಿ. ಸುಮಾರು 12ನೆಯ ನಿಮಿಷದ ಹೊತ್ತಿಗೆ ಮೊದಲು ಕೇಳಿದ್ದೇ ಮರುಕಳಿಸುತ್ತಿದೆ ಎಂಬುದು ತಾನಾಗಿ ಹೊಳೆದರೆ, ಕಿವಿ ಪಳಗಿದೆ ಎಂದರ್ಥ. ಮೊದಲ ಸಲವೇ ಹೊಳೆಯುವುದು ಅಪರೂಪ.

ಟ್ರಂಪೆಟ್ಟಿನ ಸರದಿ ಈಗ. ನೆಲ ಪರಿಚಯವಾದ ಮೇಲೆ, ಎರಡೂ ಟ್ರ್ಯಾಕುಗಳನ್ನು ಬಿಡುವಿಲ್ಲದೆ ಒಂದು ಸಲ ಟ್ರಂಪೆಟ್ಟಿಗಾಗಿಯೇ ಕೇಳಿ. ಮೈಲ್ಸ್ ಅವರ ಸ್ವರದಲ್ಲಿ ಅಲುಗಾಟ ತೀರ ಕಡಿಮೆ. ಎತ್ತರದ ಸ್ಥಾಯಿಗೆ ಹಾರಿ ಬೆರಗು ಹುಟ್ಟಿಸುವ ಗೋಜಿಗೂ ಅವರು ಹೆಚ್ಚು ಹೋಗುವುದಿಲ್ಲ. ಎರಡು ಪಲುಕುಗಳ ನಡುವೆ ಅವರು ಬಿಡುವ ತೆರಪನ್ನು ಗಮನಿಸಬೇಕು. ಮಾಮೂಲಿ ಪಿಯಾನೊ ಮಾತ್ರ ಇದ್ದಿದ್ದರೆ ಆ ತೆರಪಿನಲ್ಲಿ ನಾದ ಕುಗ್ಗಿ ಖಾಲಿಯಾಗುತ್ತಿತ್ತು, ಅಥವಾ ಪಿಯಾನೊ ವಾದಕ ಅದನ್ನು ಸ್ವರಗಳಿಂದ ತುಂಬಬೇಕಾಗುತ್ತಿತ್ತು. ಆರ್ಗನ್ನೂ ಎಲೆಕ್ಟ್ರಿಕ್ ಪಿಯಾನೊಗಳೂ ನಾದವನ್ನು ಹಿಡಿದು ನಿಲ್ಲಿಸಿರುವುದರಿಂದಲೇ ಟ್ರಂಪೆಟ್ ನಿರಾತಂಕವಾಗಿ ಸುಮ್ಮನಿರಬಲ್ಲದು. ವಿದ್ಯುತ್ ವಾದ್ಯಗಳಿಂದ ಮೈಲ್ಸ್ ಪಡೆದದ್ದು ಅಬ್ಬರವನ್ನಲ್ಲ, ಹೀಗೆ ಸುಮ್ಮನಿರುವ ಅವಕಾಶವನ್ನು ಎಂಬುದು ನನ್ನ ಅಭಿಪ್ರಾಯ. ರಾಕ್ ಸಂಗೀತದ ಮಾರುಕಟ್ಟೆಗಾಗಿ ಅವರು ವಿದ್ಯುತ್ತಿನ ಮೊರೆಹೋದರೆಂದು ಹೇಳುವವರು ಈ ಆಲ್ಬಮಿನ ಮುಂದೆ ತುಸು ಹೊತ್ತು ಕೂರುವುದು ಒಳ್ಳೆಯದು.

ಮೂರು ಡಿಸ್ಕುಗಳ ‘ದ ಕಂಪ್ಲೀಟ್ ಇನ್ ಎ ಸೈಲೆಂಟ್ ವೇ ಸೆಷನ್ಸ್’ 2001ರಲ್ಲಿ ಬಂತು. ಅದನ್ನು ಮೊದಲಿನಿಂದ ಕೊನೆಯವರೆಗೆ ಕೇಳುವ ಅಗತ್ಯ ಸಂಶೋಧಕರಿಗೆ ಬಿಟ್ಟರೆ ಯಾರಿಗೂ ಇಲ್ಲ. ಅದರಿಂದ ಎರಡನ್ನು ಮಾತ್ರ ಆರಿಸಿಕೊಳ್ಳಿ: ಕತ್ತರಿ ತಾಗದ ‘ಶ್/ಪೀಸ್‌ಫುಲ್’ ಮತ್ತು ‘ಇನ್ ಎ ಸೈಲೆಂಟ್ ವೇ’ಯ ತಾಲೀಮು. ತಾಲೀಮಿನಲ್ಲಿ ಡ್ರಮ್ಸ್ ಇದೆ, ಲಯವಿದೆ, ಝಾವಿನುಲ್ ಅವರ ಬದಲಾಗುವ ಸ್ವರಮೇಳಗಳೂ ಉಳಿದುಕೊಂಡಿವೆ. ಚೆಂದದ, ಆದರೆ ಸಾಧಾರಣವಾದ ಸಂಗೀತ ಅದು. ಅದನ್ನು ಕೇಳಿದ ಕೂಡಲೇ ಆಲ್ಬಮಿನ ನಾಲ್ಕು ನಿಮಿಷವನ್ನು ಹಾಕಿದರೆ ಏನನ್ನೆಲ್ಲ ತೆಗೆದುಹಾಕಲಾಯಿತೆಂಬುದು ಕಿವಿಗೇ ಸಿಗುತ್ತದೆ. ತಮ್ಮ ಕೃತಿಗೆ ಹೀಗೆ ಕತ್ತರಿ ಬಿದ್ದದ್ದರ ಇನ್ನೊಂದು ಪಾರ್ಶ್ವವನ್ನು ತಿಳಿಯಬಯಸುವವರು ಝಾವಿನುಲ್ ಅವರೇ 1971ರಲ್ಲಿ ಹೊರಬಂದ ತಮ್ಮ ಹೆಸರಿನ ಆಲ್ಬಮಿನಲ್ಲಿ ನುಡಿಸಿದ ಇದೇ ರಚನೆಯನ್ನು ಕೇಳಬಹುದು. ನನಗೆ ಮೈಲ್ಸ್ ಅವರ ಬಡಕಲು ರೂಪವೇ ಮೇಲೆನಿಸುತ್ತದೆ, ಆದರೆ ಝಾವಿನುಲ್ ಪರ ವಾದಿಸುವವರ ಬಳಿಯೂ ಒಳ್ಳೆಯ ಕಾರಣಗಳಿವೆ.

ಇಲ್ಲಿಂದ ಮುಂದೆ ಸಾಮಾನ್ಯವಾಗಿ ಎಲ್ಲರೂ ಸೂಚಿಸುವುದು, ಅದೇ ವರ್ಷದ ಆಗಸ್ಟ್ 19ರಿಂದ 21ರವರೆಗೆ ಧ್ವನಿಮುದ್ರಣಗೊಂಡು 1970ರಲ್ಲಿ ಬಂದ ಜೋಡಿ ಎಲ್‌ಪಿ ‘ಬಿಚಸ್ ಬ್ರೂ’ವನ್ನು. ಅದಕ್ಕೆ ಆತುರ ಬೇಡ, ಅದು ಒಂದೂವರೆ ಗಂಟೆಗೂ ಮೀರಿದ, ಬಹಳ ದಟ್ಟವಾದ ಸಂಗೀತ. ಅಲ್ಲಿಗೆ ಹೋಗುವಾಗಲೂ ಇದೇ ಕ್ರಮ ಒದಗುತ್ತದೆ, ಆದರೆ ನೆಲದ ಹಂಚಿಕೆ ಬದಲಾಗಿದೆ: ಇಬ್ಬರು ಬಾಸ್ ವಾದಕರನ್ನೂ ಒಬ್ಬರಿಗಿಂತ ಹೆಚ್ಚು ಡ್ರಮ್ಸ್ ವಾದಕರನ್ನೂ ಮೊದಲು ಬೇರ್ಪಡಿಸಿಕೊಂಡು, ಆಮೇಲೆ ಬೆನ್ನೀ ಮಾಪಿನ್ ಅವರ ಬಾಸ್ ಕ್ಲ್ಯಾರಿನೆಟ್ಟನ್ನು, ನಂತರ ಕೀಬೋರ್ಡುಗಳನ್ನು ಹಿಡಿಯಬೇಕು, ಶೀರ್ಷಿಕೆಯ ರಚನೆಯಲ್ಲಂತೂ ಟ್ರಂಪೆಟ್ಟಿಗೇ ಪ್ರತಿಧ್ವನಿಯನ್ನು ಜೋಡಿಸಲಾಗಿದೆ. ವಾದ್ಯಗಳಿಗಿಂತ ಮೆಕ್‌ಲಾಫ್ಲಿನ್ ಅವರ ಬೆರಳುಗಳೇ ಹೆಚ್ಚು ಹಿಡಿಸಿದವರು ಬೇರೆ ದಾರಿ ಹಿಡಿಯಬಹುದು. ಅಂದು ನುಡಿಸಲು ಬಾರದವನಂತೆ ನುಡಿಸಿದ ಅದೇ ವ್ಯಕ್ತಿ, ಕೆಲವೇ ವರ್ಷಗಳಲ್ಲಿ ಎಲೆಕ್ಟ್ರಿಕ್ ಗಿಟಾರನ್ನು ಪಕ್ಕಕ್ಕಿಟ್ಟು, ಎಲ್. ಶಂಕರ್ ಅವರ ಪಿಟೀಲು, ಝಾಕಿರ್ ಹುಸೇನ್ ಅವರ ತಬಲಾ, ವಿಕ್ಕು ವಿನಾಯಕರಾಂ ಅವರ ಘಟದೊಡನೆ ‘ಶಕ್ತಿ’ ತಂಡವನ್ನು ಕಟ್ಟಿದರು. ಅಲ್ಲಿ ಎಣಿಕೆಗೆ ಕೈ ತೆರೆದಿಟ್ಟುಕೊಂಡೇ ಕೂರಬೇಕಾಗುತ್ತದೆ.